ಒದ್ದೆ ಅಂಗಳದ ಬಣ್ಣ

ಕಂಪ್ಯೂಟರಿನಲ್ಲಿ ರಂಗೋಲಿ ಹಾಕುವ ಪ್ರೋಗ್ರಾಂ ಒಂದು ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಹೊಳೆನರಸೀಪುರದಲ್ಲಿ ತಯಾರಾಗಿತ್ತು ಎಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಪ್ರೋಗ್ರಾಂ ಬರೆದವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಅದರ ಪರದೆಗೆ ಬಣ್ಣ ಆರಿಸಿದವಳು ಅದೇ ಶಾಲೆಯ ಡ್ರಾಯಿಂಗ್ ಟೀಚರ್ ಆಗಿದ್ದ ನಾನು. ಬಣ್ಣದ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದು ಮೊದಲೇ ಹೇಳಿಬಿಟ್ಟಿದ್ದೆ. ನನ್ನ ಸ್ವಭಾವವೇ ಹಾಗೆ, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಅದರ ಮಾಲೀಕರು ಹಾಸನದಲ್ಲಿ ಶುರುಮಾಡಿ, ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣ, ನಮ್ಮೂರು ಎಂದು ಹಬ್ಬಿಸಿದ್ದರು. ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಒಂದು ಬ್ಯಾಚ್ ಮಾಡಬೇಕು, ಮೌಸ್ ಮುಟ್ಟಲು ಹೆದರುವವರಿಗೆ ರಂಗೋಲಿಯಿಂದ ಕೈ ಪಳಗಿಸಬೇಕು ಎನ್ನುವುದು ಅವರ ಆಲೋಚನೆ. ಮೇಷ್ಟ್ರ ಪ್ರೋಗ್ರಾಮಿನಲ್ಲಿ ಮೌಸ್ ಒತ್ತಿದರೆ ಚುಕ್ಕಿ ಬೀಳುತ್ತಿತ್ತು, ಎಳೆದರೆ ಎಳೆ ತಾನೇ ಚುಕ್ಕಿಯನ್ನು ಬಳಸಿಕೊಂಡು ಹೋಗುತ್ತಿತ್ತು. ಜೊತೆಗೆ ನೂರು ಮಾದರಿ ರಂಗೋಲಿಗಳನ್ನು ತುಂಬಿಕೊಡಬೇಕಿತ್ತು. ಅಷ್ಟನ್ನು ಎಲ್ಲಿಂದ ತರುವುದು ಎಂದು ಮೇಷ್ಟ್ರು ತಲೆ ಕೆರೆದುಕೊಂಡಾಗ, "ನಮ್ಮಮ್ಮ ಇದ್ದಾಳಲ್ಲ" ಎಂದುಬಿಟ್ಟೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ನಮ್ಮ ಬೀದಿಯಲ್ಲಿ ಅಮ್ಮನ ರಂಗೋಲಿಯನ್ನು ತುಳಿಯಲು ಮನಸ್ಸಾಗದೆ ಸೈಕಲ್ಲಿನವರು ಕೂಡ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ರಂಗೋಲಿಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವರನ್ನು ಕಂಡರೆ ಅವಳಿಗೆ ನಗು. ಅವಳದೆಲ್ಲ ಬೆರಳಿನಲ್ಲೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಬಾಗಿಲಿಗೆ ರಂಗೋಲಿ ಹಾಕುವುದನ್ನು ಬಿಟ್ಟಳು. ಗಂಡನಿಲ್ಲದವಳು ಮನೆ ಮುಂದೆ ರಂಗೋಲಿ ಹಾಕಬಾರದೆನ್ನುವುದು ನಮ್ಮವರಲ್ಲಿ ಹಳೆಯ ರೂಢಿ. ಹಾಕಬೇಡ ಎಂದು ಯಾರೂ ಬಂದು ಹೇಳಲಿಲ್ಲ, ಅವಳಾಗಿಯೇ ಬಿಟ್ಟಳು. ನಾನು ವಾದ ಮಾಡಿದೆ, ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ. "ನಿನಗೆ ಬೇಡ ಅಂದ್ನಾ? ನೀನು ಹಾಕು" ಎಂದಳು.

ಹಾಕಿದೆ. ಡಿಪ್ಲೊಮಾ ಮಾಡಿದ ಡ್ರಾಯಿಂಗ್ ಟೀಚರಿಗೆ ಪುಡಿಯಲ್ಲಿ ಒಂದು ಎಳೆ ನೆಟ್ಟಗೆ ಬರುತ್ತಿರಲಿಲ್ಲ. ಸೊಪ್ಪು ಮಾರುವ ಹೆಂಗಸು ಬುಟ್ಟಿ ಇಳಿಸಿ, "ಕೋಳಿ ಕೆದರ್ದಂಗೈತಲ್ಲಾ ಮೇಡಂ" ಎಂದಳು. ಅಂಗಳ ಸಮ ಇಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೀಗೆ ಎರಡು ವರ್ಷ ಕಳೆದಿತ್ತು. ಇನ್ನೆರಡು ವರ್ಷ ಹೀಗೇ ಹೋದರೆ ಆ ರಂಗೋಲಿಗಳೆಲ್ಲ ಅವಳ ಬೆರಳಿನಿಂದಲೇ ಹೊರಟುಹೋಗುತ್ತವೆ ಎಂದು ನನಗೆ ದಿಗಿಲು. ಮಾದರಿಗಳು ಬೇಕಾಗಿದ್ದು ಮಾಲೀಕರಿಗೆ. ನನಗೆ ಬೇಕಾಗಿದ್ದು ಅಮ್ಮ ಮತ್ತೆ ರಂಗೋಲಿ ಹಾಕುವುದು. ಕಂಪ್ಯೂಟರಿಗೆ ಯಾವ ರೂಢಿಯೂ ಇಲ್ಲವಲ್ಲ, ಅಲ್ಲಿ ಹಾಕುತ್ತಾಳೆ ಎಂದು ಲೆಕ್ಕ ಹಾಕಿದ್ದೆ.

ಮಾಲೀಕರು ಪರದೆ ಬೆಳ್ಳಗಿರಲಿ, ಸುತ್ತ ನೀಲಿ ಪಟ್ಟಿ ಇರಲಿ ಎಂದರು. ಆಗಿನ ಎಲ್ಲ ಪ್ರೋಗ್ರಾಂಗಳೂ ಹಾಗೇ ಇರುತ್ತಿದ್ದವು. ಬಿಳಿಯ ಮೇಲೆ ಬಿಳಿ ಎಳೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಎಳೆ ಕಪ್ಪಗಿದ್ದರಾಯಿತು ಎಂದರು. "ಕಪ್ಪು ರಂಗೋಲಿ ಯಾರ ಮನೆ ಮುಂದೆ ನೋಡಿದ್ದೀರಿ ಸಾರ್?" ಎಂದೆ. ಅವರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಕೀಬೋರ್ಡ್ ನೋಡಿದರು. ಬೇಕಾದವರು ಆಮೇಲೆ ಬದಲಾಯಿಸಿಕೊಳ್ಳಲಿ ಬಿಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಮೊದಲು ಇಟ್ಟ ಬಣ್ಣವನ್ನು ಯಾರೂ ಬದಲಾಯಿಸುವುದಿಲ್ಲ. ಅತ್ತೆ ಉಪ್ಪಿನ ಜಾಡಿ ಎಲ್ಲಿಟ್ಟಿರುತ್ತಾಳೋ ಸೊಸೆಯೂ ಅಲ್ಲೇ ಇಡುತ್ತಾಳೆ. ಹಾಗಾಗಿ ಮೊದಲು ಇಡುವವರು ನೋಡಿ ಇಡಬೇಕು. ಈ ಮಾತನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ನನಗೆ ಬೇಕಾಗಿದ್ದುದು ಅಂಗಳದ ಬಣ್ಣ. ನಮ್ಮ ಬೀದಿಯಲ್ಲಿ ಆಗಲೇ ಸಿಮೆಂಟ್ ಬಂದಿತ್ತು. ಅದಕ್ಕೇ ಒಂದು ಭಾನುವಾರ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದೆ. ಬೆಳಿಗ್ಗೆ ಅವಳು ಸಗಣಿ ನೀರಿನಲ್ಲಿ ಅಂಗಳ ಸಾರಿಸುತ್ತಿದ್ದಾಗ ಜಗಲಿಯ ಮೇಲೆ ಕೂತು ವಾಟರ್ ಕಲರ್ ಕಲೆಸಿದೆ. ನೆಲ ಒದ್ದೆ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಒಣಗಿದ್ದು ಹಳದಿಗೆ ತಿರುಗಿ ಮಂಕಾಗುತ್ತದೆ. ಒದ್ದೆಯದು ಹಸಿರು ಬೆರೆತ ಗಾಢ ಕಂದು. ರಂಗೋಲಿ ಬೀಳುವುದು ಒದ್ದೆ ನೆಲದ ಮೇಲೆ, ಹಾಗಾಗಿ ಒದ್ದೆಯದೇ ಸರಿ ಎಂದು ತೀರ್ಮಾನಿಸಿದೆ. ಚಿಕ್ಕಮ್ಮ ಕಾಗದ ನೋಡಿ, "ಇದಕ್ಕೆ ಬಸ್ ಹತ್ತಿ ಬಂದ್ಯಾ?" ಎಂದಳು.

ಕಾಗದವನ್ನು ಪರದೆಯ ಪಕ್ಕ ಹಿಡಿದುಕೊಂಡು, ಕೆಂಪು ಇಷ್ಟು, ಹಸಿರು ಅಷ್ಟು, ನೀಲಿ ಸ್ವಲ್ಪ ಎಂದು ಮೇಷ್ಟ್ರಿಂದ ಅಂಕಿಗಳನ್ನು ಏರಿಸಿ ಇಳಿಸಿ ಹಾಕಿಸಿದೆ. ಹಾಸನದ ಮಾನಿಟರಿನಲ್ಲಿ ಅದು ನೀಲಿಗೆ ತಿರುಗುತ್ತಿತ್ತು, ಚನ್ನರಾಯಪಟ್ಟಣದ್ದು ಕಿಟಕಿಯ ಬಿಸಿಲಿಗೆ ಸಪ್ಪೆಯಾಗಿ ಕಾಣುತ್ತಿತ್ತು. ನಾಲ್ಕೂ ಊರುಗಳಿಗೆ ಕಾಗದ ಹಿಡಿದುಕೊಂಡು ಹೋಗಿ ಬಂದೆ. ಸುತ್ತಲ ಪಟ್ಟಿಗಳಿಗೆ ಕಲ್ಲುಚಪ್ಪಡಿಯ ಬೂದು ಬಣ್ಣ ಇಟ್ಟೆ, ಕಣ್ಣು ನಡುವಿನ ನೆಲ ಬಿಟ್ಟು ಅತ್ತಿತ್ತ ಹೋಗಬಾರದು ಎಂದು. ಎಲ್ಲ ಮುಗಿದಾಗ ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು. ಪರದೆ ನೋಡಿದರೆ ಸಗಣಿ ವಾಸನೆ ಮೂಗಿಗೆ ಬಡಿದಂತಿತ್ತು.

ಮೊದಲ ಬ್ಯಾಚಿಗೆ ಸುತ್ತಲ ಹಳ್ಳಿಗಳ ಹೆಂಗಸರೇ ಹೆಚ್ಚಾಗಿ ಬಂದಿದ್ದರು. ಪ್ರೋಗ್ರಾಂ ತೆರೆದೆ. ಪರದೆ ತುಂಬ ಒದ್ದೆ ಅಂಗಳ ಬಂತು. ಆಹಾ ಎನ್ನುತ್ತಾರೆ ಎಂದು ಕಾದೆ. ಯಾರೂ ಮೌಸಿಗೆ ಕೈ ಹಾಕಲಿಲ್ಲ. ಕೊನೆಗೆ ಮುಂದೆ ಕೂತಿದ್ದ ವಯಸ್ಸಾದ ಹೆಂಗಸು ಸಣ್ಣ ದನಿಯಲ್ಲಿ ಕೇಳಿತು.

"ಯಾರ್ ಮನೇದು ಮೇಡಂ ಇದು?"

"ಯಾಕಮ್ಮ?"

"ಸಾರ್ಸವ್ರೆ, ರಂಗೋಲಿ ಬುಟ್ಟಿಲ್ಲ. ಸಾವಾಗಿರೋ ಮನೆ ಇದ್ದಂಗೈತೆ."

ನನಗೆ ರೇಗಿಹೋಯಿತು. ಇದು ಕಂಪ್ಯೂಟರು, ಇದಕ್ಕೆ ಸೂತಕ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ಅಂಗಲ್ಲ ಮೇಡಂ, ಮೊದ್ಲು ನೀವೇ ಒಂದೆಳೆ ಎಳ್ದುಬುಡಿ. ಆಮೇಕೆ ನಾವ್ ಕೈ ಇಡ್ತೀವಿ" ಎಂದಿತು. ಎಳೆದೆ. ಅವರೂ ಕೈ ಇಟ್ಟರು. ಆದರೆ ಪ್ರತಿ ಸಲ ತೆರೆದಾಗಲೂ ಅದೇ ಖಾಲಿ ಅಂಗಳ, ಅದೇ ಹಿಂಜರಿಕೆ, ಪ್ರತಿ ಮೆಷಿನ್ನಿಗೂ ನಾನೇ ಓಡಿ ಎಳೆ ಎಳೆಯಬೇಕು. ತೆರೆದ ಕೂಡಲೇ ಒಂದು ರಂಗೋಲಿ ತಾನೇ ಕಾಣುವಂತೆ ಮಾಡೋಣ ಎಂದರು ಮೇಷ್ಟ್ರು. ಮಾಡಿ ನೋಡಿದೆವು. "ಬೇರೇರ್ ಆಕಿರೋದ್ನ ಅಳ್ಸಿ ನಾವ್ ಆಕಾದಾ? ಚೆಂದಾಗಿರ್ತದಾ ಮೇಡಂ?" ಎಂದರು. ಮೂರನೆಯ ದಿನಕ್ಕೆ ಇಬ್ಬರು ಬರಲಿಲ್ಲ. ಮಾಲೀಕರು ಹೆಚ್ಚು ಮಾತಾಡಲಿಲ್ಲ, ಬಿಳಿ ಪರದೆಗೆ ಯಾವ ಸೂತಕವೂ ಇರುತ್ತಿರಲಿಲ್ಲ ಎಂದಷ್ಟೇ ಅಂದರು.

ಈ ಪೇಚಿನ ನಡುವೆಯೇ ಶನಿವಾರ ಬಂತು. ಬೆಳಗಿನ ಶಾಲೆ ಮುಗಿಸಿ ಅಮ್ಮನನ್ನು ಸೆಂಟರಿಗೆ ಕರೆದುಕೊಂಡು ಹೋದೆ. ಅವಳ ಮೇಲೆ ನನಗೆ ನಂಬಿಕೆಯಿತ್ತು. ಒಂದು ಸಲ ಚುಕ್ಕಿ ಇಟ್ಟಳೆಂದರೆ ನಿಲ್ಲಿಸುವವಳಲ್ಲ. ಕುರ್ಚಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದಳು. ಮೌಸಿನ ಕಡೆ ಚಾಚಿದ್ದ ಕೈ ಹಿಂದಕ್ಕೆ ಬಂತು.

"ಬಣ್ಣ ಚೆನ್ನಾಗಿ ಹಿಡಿದಿದೀಯ ಕಣೆ. ಒದ್ದೆ ಇದ್ದಾಗಿನದು ಅಲ್ವಾ?"

"ಹೌದು. ಹಾಕು."

"ಅದಕ್ಕೇ ನನ್ನ ಕೈಲಿ ಆಗಲ್ಲ. ಇದು ಬಾಗಿಲು."

ಇದು ಗಾಜಿನ ಮೇಲಿನ ಬೆಳಕು ಅಮ್ಮ, ಬಾಗಿಲಲ್ಲ ಎಂದೆ. ಬೇರೆ ಯಾವುದಾದರೂ ಬಣ್ಣ ಇಟ್ಟಿದ್ದರೆ ಹಾಕುತ್ತಿದ್ದೆಯಾ ಎಂದು ಕೇಳಿದೆ. "ಹಾಕ್ತಿದ್ನೋ ಏನೋ" ಎಂದಳು. ಮೇಷ್ಟ್ರು ಕಾಫಿ ತರಿಸುತ್ತೇನೆಂದು ಹೊರಗೆ ಹೋದರು. ಅಮ್ಮನನ್ನು ಕರೆದುಕೊಂಡು ಮನೆಗೆ ಹೊರಟೆ. ನಾನು ಸೋತಿದ್ದೆ, ಅದೂ ನನ್ನ ಬಣ್ಣ ಸರಿಯಾಗಿ ಬಂದದ್ದಕ್ಕೆ. ಇದಕ್ಕಿಂತ ನುಂಗಲಾರದ ತುತ್ತು ಬೇರೆ ಇಲ್ಲ.

ದಿನಾ ಬೆಳಿಗ್ಗೆ ನಾನು ಅಂಗಳದ ಕೆಲಸ ಮುಗಿಸಿ ನೇರ ಟ್ಯೂಷನ್ ಹೇಳಿಕೊಡಲು ಹೋಗುತ್ತಿದ್ದೆ. ಮಾರನೆಯ ದಿನ ಭಾನುವಾರ, ಟ್ಯೂಷನ್ ಇರಲಿಲ್ಲ. ಒಲೆ ಹಚ್ಚಲು ಬೆಂಕಿಪೊಟ್ಟಣ ಸಿಗದೆ ದೇವರ ಮನೆಗೆ ನುಗ್ಗಿದೆ. ಅಮ್ಮ ಕೆಂಪು ಗಾರೆಯ ನೆಲದ ಮೇಲೆ ಮಂಡಿಯೂರಿ ಕೂತು ಎಂಟು ದಳದ ಪದ್ಮ ಬರೆಯುತ್ತಿದ್ದಳು. ಚುಕ್ಕಿ ಇಟ್ಟಿರಲಿಲ್ಲ, ಅವಳಿಗೆ ಚುಕ್ಕಿ ಬೇಕಿರಲೂ ಇಲ್ಲ. ಎಳೆ ಒಂದು ಕಡೆಯೂ ನಡುಗಿರಲಿಲ್ಲ.

"ಇದೇನು?" ಎಂದೆ.

"ದೇವರ ಮುಂದೆ ಹಾಕದೆ ಇರಕ್ಕಾಗತ್ತಾ? ದಿನಾ ಹಾಕ್ತೀನಿ."

"ನಾನು ನೋಡೇ ಇಲ್ಲ."

"ನೀನು ಈ ಕಡೆ ತಲೆ ಹಾಕಿದ್ರೆ ತಾನೆ."

ಅಮ್ಮ ರಂಗೋಲಿ ಬಿಟ್ಟಿದ್ದಾಳೆ, ಬೆರಳು ಮರೆಯುತ್ತಿವೆ ಎಂದು ಎರಡು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನನ್ನ ಮನೆಯ ನೆಲವನ್ನು ನೋಡದೆ ಅಂಗಳ ಹುಡುಕಿಕೊಂಡು ಬಸ್ ಹತ್ತಿದ್ದೆ. ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂರುವ ಜಾತಿ ನನ್ನದಲ್ಲ. ವಾಟರ್ ಕಲರ್ ಡಬ್ಬಿ ತಂದು ದೇವರ ಮನೆಯ ಬಾಗಿಲಲ್ಲೇ ಕೂತೆ.

ಆ ಕೆಂಪು ಹೊಸ ನೆಲದ ಕೆಂಪಲ್ಲ. ದೀಪದೆಣ್ಣೆ ಕುಡಿದು, ನಲವತ್ತು ವರ್ಷ ಒರೆಸಿಸಿಕೊಂಡು ಕಪ್ಪಿನ ಕಡೆಗೆ ತಿರುಗಿದ ಕೆಂಪು. ಕೆಂಪು ಕಣ್ಣಿಗೆ ಹೊಡೆಯುತ್ತದೆ, ಪರದೆಗೆ ಆಗುವುದಿಲ್ಲ ಎಂದು ಮಾಲೀಕರು ಮತ್ತೆ ತಗಾದೆ ತೆಗೆದರು. ಅವರನ್ನು ಪರದೆ ಮುಂದೆ ಕೂರಿಸಿದೆ. ಸ್ವಲ್ಪ ಹೊತ್ತು ನೋಡಿ, "ನಮ್ಮಜ್ಜಿ ಮನೆ ನೆಲ ಇದು" ಎಂದು ಎದ್ದುಹೋದರು. ಬ್ಯಾಚಿನ ಹೆಂಗಸರಂತೂ ಒಂದು ಮಾತಿಲ್ಲದೆ ಚುಕ್ಕಿ ಇಡಲು ಶುರುಮಾಡಿದರು. ಈಗ ಖಾಲಿ ನೆಲ ಪರವಾಗಿಲ್ಲವೇ ಎಂದು ಆ ವಯಸ್ಸಾದ ಹೆಂಗಸನ್ನು ಕೇಳಿದೆ. "ಒಳ್ಗಡೆ ಖಾಲಿ ಇದ್ರೆ ಏನೂ ಇಲ್ಲ ಬುಡಿ ಮೇಡಂ" ಎಂದಿತು. ಮೇಷ್ಟ್ರು ಎರಡು ಬಣ್ಣಗಳನ್ನೂ ಉಳಿಸಿಕೊಂಡು, ಕೆಂಪಿಗೆ ಒಳನೆಲ, ಕಂದು ಬಣ್ಣಕ್ಕೆ ಅಂಗಳ ಎಂದು ಹೆಸರು ಕೊಟ್ಟರು. ತೆರೆದರೆ ಬರುವುದು ಒಳನೆಲ.

ಮುಂದಿನ ಶನಿವಾರ ಅಮ್ಮ ಮತ್ತೆ ಬಂದಳು. ನಾನು ಪ್ರೋಗ್ರಾಂ ತೆರೆದುಕೊಟ್ಟೆ. ಕೆಂಪು ನೆಲ ನೋಡಿ ನನ್ನ ಕಡೆ ಒಮ್ಮೆ ತಿರುಗಿದಳು, ಆಮೇಲೆ ಮೌಸನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಪುಡಿ ಹಿಡಿದ ಹಾಗೆ ಹಿಡಿದಳು. ಹಾಗೆ ಹಿಡಿಯಬಾರದು ಎನ್ನಲು ಹೋದ ಮೇಷ್ಟ್ರನ್ನು ಕಣ್ಣಲ್ಲೇ ಸುಮ್ಮನಿರಿಸಿದೆ. ಮೊದಲ ದಿನ ಏಳು ರಂಗೋಲಿ. ಆಮೇಲಿನ ಶನಿವಾರಗಳಲ್ಲಿ ಹತ್ತು, ಹದಿನೈದು. ಎಳೆ ತಾನೇ ಬಾಗುವುದು ಅವಳಿಗೆ ಹಿಡಿಸಲಿಲ್ಲ. "ಇದು ನನಗೆ ಹೇಳಿಕೊಡತ್ತಾ?" ಎಂದು ಅದನ್ನು ತೆಗೆಸಿ, ತನ್ನ ಕೈಯಲ್ಲೇ ಬಾಗಿಸಿದಳು.

ಕೊನೆಯ ಶನಿವಾರ, ನೂರು ತುಂಬಿದ ಮೇಲೆ, ತಾನಾಗಿಯೇ ದೊಡ್ಡದೊಂದು ರಂಗೋಲಿ ಹಾಕಿದಳು. ಅಪ್ಪ ಇದ್ದಾಗ ಹಬ್ಬದ ದಿನ ಬಾಗಿಲ ತುಂಬ ಹಾಕುತ್ತಿದ್ದದ್ದು ಅದೇ. ಮುಗಿಸಿ ಕೈ ಕೊಡವಿಕೊಂಡಳು, ಪುಡಿ ಇಲ್ಲದಿದ್ದರೂ. ಆಮೇಲೆ, "ಆ ಇನ್ನೊಂದು ಬಣ್ಣ ತೆಗೆದುಹಾಕಿದ್ರಾ?" ಎಂದು ಮೇಷ್ಟ್ರನ್ನು ಕೇಳಿದಳು. ಇದೆಯಲ್ಲ ಎಂದು ಅವರು ತೋರಿಸಲು ಒತ್ತಿದರು.

ರಂಗೋಲಿ ಹಾಗೇ ಇತ್ತು. ಅದರ ಕೆಳಗಿನ ನೆಲ ಮಾತ್ರ ಬದಲಾಯಿತು. ಒದ್ದೆ ಅಂಗಳದ ತುಂಬ ಅಮ್ಮನ ರಂಗೋಲಿ ಬೆಳ್ಳಗೆ ನಿಂತಿತ್ತು. ಇದನ್ನು ನಾನಾಗಲಿ ಮೇಷ್ಟ್ರಾಗಲಿ ಯೋಚಿಸಿರಲಿಲ್ಲ. ಮೇಷ್ಟ್ರು ಗಾಬರಿಯಾಗಿ ಹಿಂದಕ್ಕೆ ಒತ್ತಲು ಹೋದರು.

"ಇರಲಿ" ಎಂದಳು ಅಮ್ಮ. "ನಾನೇನು ಅಲ್ಲಿ ಹಾಕಲಿಲ್ಲವಲ್ಲ."

ಅವಳು ನೋಡುತ್ತಲೇ ಕೂತಳು. ನಾನು ಕಿಟಕಿ ಕಡೆ ತಿರುಗಿ ನಿಂತೆ. ಅಷ್ಟರಲ್ಲಿ ಬ್ಯಾಚಿನವರು ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು. ಮುಂದೆ ಬಂದ ಆ ವಯಸ್ಸಾದ ಹೆಂಗಸು ಪರದೆ ನೋಡಿ ಅಲ್ಲೇ ನಿಂತುಬಿಟ್ಟಿತು.

"ಯಾರ್ ಮನೇದು ಮೇಡಂ ಇದು?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಮ್ಮನೇದು" ಎಂದಳು.