ನೀಲಪ್ಪ ಹೊತ್ತ ಹೆಸರು

ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಪಟ್ಟೇವಾಲಾ, ಅಂದರೆ ಜವಾನ, ಆಗಿದ್ದ ನೀಲಪ್ಪ ಕುಡುಕನೆಂದು ಹೆಸರಾಗಿದ್ದ. ಅದು ಐವತ್ತೆಂಟನೆಯ ಇಸವಿ, ದಾರೂಬಂದಿಯ ಕಾಲ. ಕುಡಿದವನು ಬೀದಿಯಲ್ಲಿ ಕಂಡರೆ ಪೊಲೀಸರು ಎಳೆದೊಯ್ಯುತ್ತಿದ್ದರು. ಅಂಥದ್ದರಲ್ಲಿ ನೀಲಪ್ಪ ಹಾಡಹಗಲೇ ಫೈಲುಗಳ ಗಂಟು ಹೊತ್ತು ಬರುತ್ತ ಮೆಟ್ಟಿಲ ಮೇಲೆ ಕುಸಿಯುತ್ತಿದ್ದ. ಮಾತಾಡಿಸಿದರೆ ನಾಲಿಗೆ ತೊದಲುತ್ತಿತ್ತು. ಒಂದೊಂದು ಸಲ ಬಾಗಿಲು ಎರಡಾಗಿ ಕಂಡು, ಇಲ್ಲದ ಬಾಗಿಲಿನ ಕಡೆ ನಡೆದು ಗೋಡೆಗೆ ಹಣೆ ಬಡಿಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತು ಕೂತರೆ ಮತ್ತೆ ಸರಿ.

“ಬಾಯಿ ವಾಸನಿ ಬರೂದಿಲ್ಲಲ್ರಿ?” ಎಂದು ಒಬ್ಬ ಕಾರಕೂನ ಕೇಳಿದರೆ, “ಎಲಿ ಅಡಿಕಿ ಹಾಕ್ಕೊಂಡು ಬರ್ತಾನ. ಶಾಣ್ಯಾ ಅದಾನ,” ಎಂದು ಇನ್ನೊಬ್ಬ ನಗುತ್ತಿದ್ದ. ನೀಲಪ್ಪ ಇಲ್ಲವೆನ್ನಲಿಲ್ಲ. ಸಾಹೇಬರು ಅವನನ್ನು ತಮ್ಮ ಬಾಗಿಲಿನಿಂದ ತೆಗೆದು ಹಿಂದಿನ ದಫ್ತರದ ಕೋಣೆಗೆ ಹಾಕಿದರು. ಹೆಗಲ ಮೇಲಿನ ಪಟ್ಟಿಯನ್ನು ಕಳಚಿ ಕೊಡುವಾಗ ಅವನ ಭುಜದ ಕೀಲು ಜಾರಿತು. ಗೋಡೆಯ ಮರೆಗೆ ಹೋಗಿ, ಹಲ್ಲು ಕಚ್ಚಿ, ತಾನೇ ಅದನ್ನು ಕೂಡಿಸಿಕೊಂಡು ಬಂದ.

ಅವನ ಮಗ ಅರ್ಜುನಪ್ಪ ಮಾಳಮಡ್ಡಿಯ ಒಂದು ಸಾಲೆಯಲ್ಲಿ ಮಾಸ್ತರ. ಸುಳ್ಳ ಎಂಬ ಊರಿನ ಅವರ ಕೇರಿಯಲ್ಲಿ ಓದಿ ನೌಕರಿ ಹಿಡಿದ ಮೊದಲನೆಯವನು. ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಹೊರಬೀಳುತ್ತಿರಲಿಲ್ಲ. ತಾನು ಒಂದು ತಪ್ಪು ಮಾಡಿದರೆ ಜನ ಇಡೀ ಕೇರಿಯ ಹೆಸರು ಹಿಡಿದು ಆಡುತ್ತಾರೆಂದು ಅವನಿಗೆ ಗೊತ್ತಿತ್ತು.

ಒಂದು ಸಂಜೆ ಅವನು ಜೊತೆಯ ಶಿದ್ದಪ್ಪ ಮಾಸ್ತರರೊಂದಿಗೆ ಕೆಲಗೇರಿಯ ಕಡೆ ನಡೆದು ಹೊರಟಿದ್ದ. ರಸ್ತೆಯ ಬದಿಯಲ್ಲಿ ಜನ ಸೇರಿದ್ದರು. ನಡುವೆ ಅವನ ಅಪ್ಪ ಧೂಳಿನಲ್ಲಿ ಕೂತಿದ್ದ. ಏಳಲು ಹೋಗಿ ಮತ್ತೆ ಕೂರುತ್ತಿದ್ದ.

“ಯಾಂವೋ ಕುಡದು ಬಿದ್ದಾನ ನೋಡ್ರಿ. ನಿಮಗೇನರ ಗುರ್ತ ಐತೇನ್ರಿ?” ಎಂದರು ಶಿದ್ದಪ್ಪ ಮಾಸ್ತರರು.

ನೀಲಪ್ಪ ತಲೆಯೆತ್ತಿ ಮಗನನ್ನು ನೋಡಿದ.

“ಇಲ್ರಿ,” ಎಂದ ಅರ್ಜುನಪ್ಪ. “ನಡೀರಿ, ಹೊತ್ತಾತು.”

ಅಪ್ಪ ಹೇಗೋ ಮನೆ ಮುಟ್ಟಿದಾಗ ಮಗ ಬಾಗಿಲಲ್ಲೇ ನಿಂತಿದ್ದ. “ನಾಚಿಕಿ ಬರೂದಿಲ್ಲೇನು ನಿನಗ? ನಾ ಸಾಲ್ಯಾಗ ಹುಡುಗರ ಮುಂದ ಹೆಂಗ ನಿಂದರಲಿ?”

“ಹೂಂನೋ ತಮ್ಮಾ, ಕುಡದಿದ್ದೆ. ತಪ್ಪಾತು.”

ತಾಯಿ ಮುತ್ತವ್ವ ಏನೋ ಹೇಳಲು ಬಾಯಿ ತೆರೆದಳು. ಗಂಡ ಅವಳತ್ತ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

ಮರುವರ್ಷ ಅರ್ಜುನಪ್ಪನ ತಂಗಿ ದುರಗವ್ವನಿಗೆ ಹುಬ್ಬಳ್ಳಿಯ ಸಂಬಂಧ ಬಂತು. ಹುಡುಗ ಹುಲಗಪ್ಪನಿಗೆ ರೈಲ್ವೆ ವರ್ಕಶಾಪಿನಲ್ಲಿ ಕೆಲಸ. ಅವನ ಅಪ್ಪ ಚಹಾದ ಕಪ್ಪು ಕೆಳಗಿಟ್ಟು ನೇರವಾಗಿ ಕೇಳಿದ: “ನೀವು ಕುಡೀತೀರಿ ಅಂತ ಕೇಳೇವ್ರಿ.”

“ಕುಡೀತಿದ್ನಿರಿ. ಬಿಡಾಕತ್ತೇನಿ.”

“ಇರ್ಲಿ, ಗಂಡಸರ ಚಟ. ಮನಿತನದಾಗ ರೋಗ ರುಜಿನ ಏನಿಲ್ಲಲ್ಲ?”

“ಏನಿಲ್ರಿ.”

ಅರ್ಜುನಪ್ಪ ಚಾಪೆಯ ಅಂಚು ನೋಡುತ್ತ ಕೂತಿದ್ದ. ಕುಡುಕನ ಮಗಳಾದರೂ ನಡೆಯುತ್ತದೆಂದು ಅವರು ಒಪ್ಪಿದ್ದೇ ಅವನಿಗೆ ಅವಮಾನವಾಗಿ ಕಂಡಿತು. ಲಗ್ನವಾಯಿತು.

ಅರವತ್ತಮೂರರ ಹೊತ್ತಿಗೆ ಅರ್ಜುನಪ್ಪನ ಬೆರಳುಗಳಲ್ಲಿ ಸೀಮೆಸುಣ್ಣದ ಖಡು ನಿಲ್ಲದಾಯಿತು. ಬರೆಯುತ್ತಿರುವಾಗಲೇ ಮಣಿಕಟ್ಟು ಸರಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಹಲಗೆಯ ಮುಂದೆ ನಿಂತವನಿಗೆ ಕಾಲು ಇವೆಯೋ ಇಲ್ಲವೋ ತಿಳಿಯಲಿಲ್ಲ. ಹಾಗೇ ನೆಲಕ್ಕೆ ಕೂತುಬಿಟ್ಟ. ಹುಡುಗರು ಮೊದಲು ನಕ್ಕರು, ಆಮೇಲೆ ಒಬ್ಬ ಹೆಡ್ಮಾಸ್ತರರನ್ನು ಕರೆಯಲು ಓಡಿದ.

ಹೆಡ್ಮಾಸ್ತರರು ಓಡಿ ಬಂದರು. ಬೆನ್ನಿಗೆ ಕೈ ಕೊಟ್ಟು, ಬಗ್ಗಿ, ಅವನ ಬಾಯಿಯ ಹತ್ತಿರ ಮುಖ ತಂದು ಉಸಿರೆಳೆದುಕೊಂಡರು. ಅವರ ಮೂಗಿನ ಹೊಳ್ಳೆಗಳು ಅರಳಿದ್ದನ್ನು ಅರ್ಜುನಪ್ಪ ಕಂಡ. ಅಲ್ಲವೆನ್ನಲು ನಾಲಿಗೆ ಹೊರಳಲಿಲ್ಲ.

“ಮನಿಗೆ ಹೋಗ್ರಿ ಮಾಸ್ತರ. ನಾ ಯಾರ ಮುಂದೂ ಹೇಳೂದಿಲ್ಲ,” ಎಂದರು ಮೆಲ್ಲಗೆ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕಂಪೌಂಡಿನ ಗೋಡೆಗಳನ್ನು ಹಿಡಿಯುತ್ತ ಬಂದ ಮಗನನ್ನು, ಅಂದು ರಜೆಯ ಮೇಲಿದ್ದ ನೀಲಪ್ಪ ಅಂಗಳದಿಂದಲೇ ಕಂಡ. “ಕಾಲು ನಿನ್ನವಲ್ಲ ಅನ್ಸಾಕತ್ತೈತೇನು?”

“ಹೂಂ.”

“ಎಲ್ಲಾ ಎರಡೆರಡು?”

“ಹೂಂ.”

ನೀಲಪ್ಪ ಹಣೆ ಹಿಡಿದುಕೊಂಡ. “ನಿನ್ನ ಬಿಟ್ಟೈತಿ ಅಂತ ತಿಳಕೊಂಡಿದ್ನೋ ತಮ್ಮಾ.”

ಮುತ್ತವ್ವ ಈ ಸಲ ಸುಮ್ಮನಿರಲಿಲ್ಲ. “ನಿಮ್ಮಪ್ಪ ಒಂದು ಹನಿ ಮುಟ್ಟಿದಾಂವ ಅಲ್ಲೋ. ಹೇಳಬ್ಯಾಡ ಅಂತ ನನ್ನ ಬಾಯಿ ಕಟ್ಟಿದ್ದ.”

“ನಮ್ಮವ್ವಗ ಇದ ಇತ್ತು,” ಎಂದ ನೀಲಪ್ಪ. “ದೆವ್ವ ಬಡದೈತಿ ಅಂದ್ರು ಊರಾಗ. ನಮ್ಮಕ್ಕನ್ನ ಯಾರೂ ಲಗ್ನ ಮಾಡ್ಕೊಳ್ಳಲಿಲ್ಲ. ಕುಡುಕ ಅಂದ್ರ ನಾ ಒಬ್ಬಾಂವ ಕೆಟ್ಟಾಂವ. ರೋಗ ಅಂದ್ರ ಅದರಾಗ ದುರಗಿನೂ ಬಂದ್ಲು, ನೀನೂ ಬಂದಿ.”

“ಯಪ್ಪಾ, ಅವತ್ತ ರಸ್ತೆದಾಗ ನಾ…”

“ಛಲೋ ಮಾಡಿದಿ. ಹೌದು ಅಂದಿದ್ರ ಸಾಲ್ಯಾಗ ನಿನ್ನ ಮರ್ಯಾದಿ ಉಳೀತಿತ್ತೇನು?”

ಅರ್ಜುನಪ್ಪನಿಗೆ ಅಪ್ಪನ ಕಾಲು ಹಿಡಿಯಬೇಕೆನಿಸಿತು. ಬಗ್ಗಿದರೆ ಮತ್ತೆ ಏಳಲಾರೆನೆಂದು ಕೂತಲ್ಲೇ ಕೂತ.

ಅಪ್ಪ ಮಗ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದರು. ಅವರು ಮೊದಲು ಕೇಳಿದ್ದು ಕುಡಿತದ ಬಗ್ಗೆ. ಆಮೇಲೆ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಮೊಣಕಾಲಿಗೆ ಸುತ್ತಿಗೆ ತಟ್ಟಿ, ನರ ದುರ್ಬಲ ಎಂದು ಟಾನಿಕ್ಕು ಬರೆದರು. ರೋಗಕ್ಕೊಂದು ಹೆಸರು ಅವರಿಗೂ ಸಿಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅರ್ಜುನಪ್ಪ, ಹೆಡ್ಮಾಸ್ತರರಿಗೂ ಕಚೇರಿಯವರಿಗೂ ಎಲ್ಲ ಹೇಳಿಬಿಡುತ್ತೇನೆಂದ. ನೀಲಪ್ಪ ಅವನ ತೊಡೆಯ ಮೇಲೆ ಕೈಯಿಟ್ಟ. “ದುರಗಿ ಬಸರಿ ಅದಾಳ. ಈಗ ಬ್ಯಾಡ.”

ಅರ್ಜುನಪ್ಪ ಹೇಳಲಿಲ್ಲ. ಹೆಡ್ಮಾಸ್ತರರು ಹತ್ತಿರ ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದ. ಆದರೆ ಸಂಜೆ ಕಚೇರಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, ಅಪ್ಪನ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಬರತೊಡಗಿದ. ಕುಡುಕನ ಮಗ ಎಂದು ಯಾರೋ ಅಂದದ್ದು ಇಬ್ಬರ ಕಿವಿಗೂ ಬೀಳುತ್ತಿತ್ತು.

ಅರವತ್ತಾರರಲ್ಲಿ ನೀಲಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದು ಜನ ಅಂಗಳದಲ್ಲಿ ಕೂತಿದ್ದರು. ಕಚೇರಿಯ ಹಳೆಯ ಕಾರಕೂನನೊಬ್ಬ ನಿಟ್ಟುಸಿರು ಬಿಟ್ಟ. “ಛಲೋ ಮನಶ್ಯಾ ಇದ್ದ. ಕುಡಿತ ತಿಂತು ಅವನ್ನ.”

ಅರ್ಜುನಪ್ಪ ಬಾಯಿ ತೆರೆದ. ತಂಗಿಯ ಅತ್ತೆ ಮಾವ ಎದುರಿಗೇ ಇದ್ದರು. ಬಾಯಿ ಮುಚ್ಚಿಕೊಂಡ.

“ನಮ್ಮಪ್ಪ ಕುಡೀತಿದ್ದಿಲ್ರಿ,” ಎಂದಳು ದುರಗವ್ವ. ಕೂಸನ್ನು ಸೊಂಟದ ಮೇಲೆ ಹೊತ್ತು ಕಂಬಕ್ಕೆ ಆತು ನಿಂತಿದ್ದಳು. “ಅದು ರೋಗ. ನನಗೂ ಐತಿ.”

ಅವಳ ಮಾವ ತನ್ನ ಮಗನತ್ತ ತಿರುಗಿದ. ಹುಲಗಪ್ಪ ಅಪ್ಪನ ಮುಖ ನೋಡದೆ ಹೇಳಿದ: “ನನಗ ಗೊತ್ತೈತಿ. ಲಗ್ನ ಆದ ವರ್ಷನ ಹೇಳ್ಯಾಳ.”

“ಅಂದ್ರ ನಮಗ ಸುಳ್ಳು ಹೇಳಿದ್ರಿ,” ಎಂದ ಮಾವ. ಅತ್ತೆ ಎದ್ದು ಹೋಗಿ ಸೊಸೆಯ ಸೊಂಟದಿಂದ ಕೂಸನ್ನು ಇಳಿಸಿಕೊಂಡಳು. “ನಿಂತಲ್ಲೇ ಬಿದ್ದೀ, ಕೂಡು,” ಎಂದಳು ಸಿಡುಕಿನಿಂದ.

“ನನಗೂ ಐತ್ರಿ,” ಎಂದ ಅರ್ಜುನಪ್ಪ. ದನಿ ಅಷ್ಟು ಸಣ್ಣಗಿತ್ತೆಂದರೆ ಹಿಂದೆ ಕೂತವರಿಗೆ ಕೇಳಿಸಲಿಲ್ಲ.

“ಏನಂದ್ರಿ ಮಾಸ್ತರ?” ಎಂದು ಯಾರೋ ಕೇಳಿದರು. ಅವನು ಎರಡನೆಯ ಸಲ ಹೇಳಬೇಕಾಯಿತು.