ವಿಭೂತಿ ಹಚ್ಚಿದ ಸಿ.ಡಿ.

ನಮ್ಮ ಅರಸೀಕೆರೆ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ, ತೆಂಗಿನಕಾಯಿ ಮಂಡಿಯ ಕೆಲಸಕ್ಕೆಂದು ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಂದದ್ದು. ಅಪ್ಪ ತೀರಿಕೊಂಡ ಮೇಲೆ ಅದಕ್ಕೆ ವೈರಸ್ ಹತ್ತಿತು. ಆನ್ ಮಾಡಿ, ಕಾಫಿ ಕುಡಿದು ಬಂದರೂ ಮಹರಾಯ ಏಳುತ್ತಿರಲಿಲ್ಲ. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಲು ಒಂದು ಭಾನುವಾರ ನಾನೇ ಕೂತೆ.

ಅದರಲ್ಲಿ ಉಳಿಸಿಕೊಳ್ಳಬೇಕಿದ್ದದ್ದು ಅಪ್ಪನ ದನಿಯೊಂದೇ. ಹಿಂದೊಮ್ಮೆ ಅದರ ಮೈಕ್ ಕೆಲಸ ಮಾಡುತ್ತದಾ ನೋಡಲೆಂದು, “ಏನಾದ್ರೂ ಮಾತಾಡಿ ಅಪ್ಪಾಜಿ” ಅಂದಿದ್ದೆ. ಏನೂ ತೋಚದೆ ಅವರು ಮಂಡಿಯಿಂದ ಮನೆಗೆ ಫೋನ್ ಮಾಡುವ ಹಾಗೆ ಮಾತಾಡಿದ್ದರು. ಆ ರೆಕಾರ್ಡಿಂಗನ್ನು ಸಿ.ಡಿ.ಗೆ ಹಾಕಿಕೊಂಡು, “ಅಮ್ಮ, ಇದರೊಳಗೆ ಅಪ್ಪಾಜಿ ಇದ್ದಾರೆ, ಹುಷಾರು” ಎಂದು ಹೇಳಿ ಮೇಜಿನ ಮೇಲಿಟ್ಟೆ. ಆಮೇಲೆ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ.

ಸಂಜೆಯ ಹೊತ್ತಿಗೆ ವಿಂಡೋಸ್ ಕೂತಿತು. ಸಿ.ಡಿ. ಹಾಕಿದರೆ ಗರಗರ ಸದ್ದು ಬಿಟ್ಟು ಬೇರೇನಿಲ್ಲ. ಹೊರಗೆ ತೆಗೆದೆ. ಹೊಳೆಯುವ ಮೈಮೇಲೆ ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ!

“ಇದಕ್ಯಾರು ವಿಭೂತಿ ಹಚ್ಚಿದ್ದು?” ನನಗೆ ಕೋಪ ಮೂಗಿನ ತುದಿಯಲ್ಲೇ.

“ನಾನೇ ಕಣೇ,” ಅಂದರು ಅಮ್ಮ. “ಅದ್ರೊಳಗೆ ನಿಮ್ಮಪ್ಪ ಅವ್ರೆ ಅಂದ್ಯಲ್ಲ. ದಿನಾ ಫೋಟೋಕ್ಕೆ ಹಚ್ಚೋಳು, ಇದಕ್ಕೆ ಹಚ್ಚದೆ ಬಿಡ್ಲಾ?”

“ಇದೊಂದರಲ್ಲೇ ಇರೋದಮ್ಮ ಅಪ್ಪಾಜಿ ದನಿ. ಹೋದ್ರೆ ಹೋಯ್ತು.”

ಅಮ್ಮನ ಮುಖ ಸಣ್ಣಗಾಯಿತು. ಅದನ್ನು ನೋಡಿ ನನ್ನ ಕೋಪವೆಲ್ಲ ಇಳಿದು ಭಯ ಹತ್ತಿತು. ಅಪ್ಪನ ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ, ಮೆಲ್ಲಗೆ, ಗೀರು ಬೀಳದ ಹಾಗೆ ಒರೆಸಿದೆ. ಅಮ್ಮ ಪಕ್ಕದಲ್ಲಿ ಸೆರಗು ಹಿಡಿದು ನಿಂತೇ ಇದ್ದರು.

ಮತ್ತೆ ಹಾಕಿದೆ. ಗರಗರ ಅಂತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಮಂಡಿಯ ಗದ್ದಲದಲ್ಲಿ ಕೂಗಿ ಕೂಗಿ ದೊಡ್ಡದಾಗಿದ್ದ ಅದೇ ಗಂಟಲು:

“ಹಲೋ, ನಾನ್ ಕಣೇ. ಜಾವಗಲ್ ಲಾರಿ ಇನ್ನೂ ಬಂದಿಲ್ಲ. ಬರೋದು ತಡ ಆಯ್ತದೆ. ನೀನ್ ಕಾಯ್ಬೇಡ, ಊಟ ಮಾಡು.”

ಅಪ್ಪ ಇದ್ದಷ್ಟು ದಿನ ಈ ಮಾತನ್ನು ಅಮ್ಮ ಒಂದು ದಿನವೂ ಕೇಳಿದವರಲ್ಲ. ಎಷ್ಟೇ ತಡವಾದರೂ ಕಾದೇ ಉಣ್ಣುತ್ತಿದ್ದರು. ಈಗ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ಹತ್ತಿರ ಬಗ್ಗಿದರು.

“ಆಯ್ತು,” ಅಂದರು. “ನಿಧಾನಕ್ಕೆ ಬನ್ನಿ.”