ಗುರಿ ದಾಟಿದ ಮಾತು

ಶಹಾಡಿನ ರೇಯಾನ್ ನೂಲಿನ ಗಿರಣಿಯಿಂದ ಮರಳುವ ಅಪ್ಪನ ಅಂಗಿಗೆ ಕೊಳೆತ ಮೂಲಂಗಿಯಂಥ ವಾಸನೆ ಇರುತ್ತಿತ್ತು. ಈಗಲೂ ಎಲ್ಲಾದರೂ ಅದು ಮೂಗಿಗೆ ಬಡಿದರೆ, ಕೆಡವಿ ಹಾಕಿದ ನಮ್ಮ ಕಲ್ಯಾಣದ ಸಾಲುಮನೆಗಳ ಚಾಳು ಮತ್ತೆ ಎದ್ದು ನಿಲ್ಲುತ್ತದೆ. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದ ವಸಂತಿ ಕಾಣುತ್ತಾಳೆ. ಅವಳು ನನ್ನ ದೊಡ್ಡಪ್ಪನ ಮಗಳು. ತಾಯಿ ತೀರಿದ ಮೇಲೆ ಧಾರವಾಡದಿಂದ ನಮ್ಮಲ್ಲಿಗೆ ಓದಲು ಬಂದವಳು. ಅವಳು ಬರುವ ಮೊದಲು ಆ ತಂಬಿಗೆ ಹಿಡಿದು ನಿಲ್ಲುತ್ತಿದ್ದವಳು ನಾನು.

ಅಪ್ಪ ಚಹಾಕ್ಕೆ ಕೂತರೆ ಸಾಕು, ಅವಳ ಮಾತು ಶುರು. "ಕಾಕಾ, ಇವತ್ತ ಸ್ಟೇಷನ್‌ನಾಗ ಎಂಥಾ ಗರ್ದಿ ಅಂತೀರಿ! ಒಬ್ಬಾಂವನ ಚಪ್ಪಲಿ ಇಲ್ಲೇ ಇಳದ್ವು, ಅಂವಾ ಕರ್ಜತ್ತಿಗೆ ಹೋದ!" ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಅದೇ ಗರ್ದಿಯಲ್ಲಿ ನಾನೂ ಇದ್ದೆ. ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತಿದ್ದೆ. "ಹೌದೇನು," ಎಂದು ಅಪ್ಪ ಬಶಿಗೆ ಚಹಾ ಸುರಿದುಕೊಳ್ಳುತ್ತಿದ್ದರು.

ಒಂದು ದಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ 'ಹೈಪರ್ಬಲಿ' ಎಂಬ ಶಬ್ದ ಕಲಿಸಿದರು. ಇದ್ದದ್ದನ್ನು ಉಬ್ಬಿಸಿ ಹೇಳುವುದು ಎಂದರ್ಥ. ಮೂಲ ಗ್ರೀಕರದು, 'ಹೈಪರ್' ಅಂದರೆ ಆಚೆ, ಉಳಿದ ಭಾಗಕ್ಕೆ ಎಸೆಯುವುದು ಎಂಬ ಅರ್ಥ ಎಂದರು. ನನಗೆ ಆಯುಧ ಸಿಕ್ಕಂತಾಯಿತು. ಮನೆ ಮುಟ್ಟುವ ತನಕ ಅದನ್ನೇ ಬಾಯಿಪಾಠ ಮಾಡಿದೆ. ಸಂಜೆ ವಸಂತಿ ಇನ್ನೊಂದು ಕಥೆ ತೆಗೆದಾಗ ನಡುವೆ ಬಾಯಿ ಹಾಕಿದೆ.

"ಅಪ್ಪಾ, ಅಕ್ಕ ಹೇಳೂದು ಬರೇ ಹೈಪರ್ಬಲಿ. ಗುರಿ ಬಿಟ್ಟು ಆಚಿಗೆ ಒಗಿಯೂದು. ಅಂದ್ರ ಸುಳ್ಳು!"

ವಸಂತಿಯ ಮುಖ ಸಣ್ಣದಾಯಿತು. ಅಪ್ಪ ಬಶಿ ಕೆಳಗಿಟ್ಟರು. "ಸುಳ್ಳು ಹೆಂಗಾದೀತವಾ? ನಮ್ಮಲ್ಲಿ ಇದಕ್ಕ ಅತಿಶಯೋಕ್ತಿ ಅಂತಾರ. ಅಲಂಕಾರ ಅದು." ಆಮೇಲೆ ಅವಳತ್ತ ತಿರುಗಿ, "ಒಗಿ ನೀ, ಇನ್ನೂ ದೂರ ಒಗಿ," ಎಂದರು. ನಾನು ಹೊತ್ತು ತಂದ ಶಬ್ದ ಹೂವಾಗಿ ಅವಳ ಮುಡಿಗೇರಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ; ಯಾರೂ ಗಮನಿಸಲೂ ಇಲ್ಲ.

ಮುಂದಿನ ಮಳೆಗಾಲದಲ್ಲಿ ವಸಂತಿಗೆ ಕಾಮಾಲೆಯಾಯಿತು. "ಭಾಳ ತ್ರಾಸ ಆಗ್ತದೇನವಾ?" ಎಂದು ಅಪ್ಪ ಕೇಳಿದರೆ, "ಏನಿಲ್ಲ ಕಾಕಾ, ಚೂರು ದಣಿವು," ಎನ್ನುತ್ತಿದ್ದಳು. ಇದ್ದದ್ದನ್ನು ಅವಳು ಕಡಿಮೆ ಮಾಡಿ ಹೇಳಿದ್ದು ಅದೊಂದನ್ನೇ. ನಾವೆಲ್ಲ ನಂಬಿದೆವು. ದೀಪಾವಳಿಗೆ ಅವಳಿರಲಿಲ್ಲ.

ಇನ್ನು ಅಪ್ಪ ಪೂರ್ತಿ ನನ್ನವರು ಎಂದುಕೊಂಡಿದ್ದೆ. ಆದರೆ ಅವರು ಚಾಳಿನ ಗ್ಯಾಲರಿಯಲ್ಲಿ ಕೂತು ಸುಮ್ಮನೆ ರೈಲು ಹಳಿಗಳತ್ತ ನೋಡುತ್ತಿದ್ದರು. ಒಂದು ಸಂಜೆ ಧೈರ್ಯ ಮಾಡಿ, ಬಜಾರಿನಲ್ಲಿ ಕಂಡದ್ದನ್ನು ವಸಂತಿಯ ಹಾಗೆ ನಾನೂ ಉಬ್ಬಿಸಿ ಹೇಳಿದೆ. ಅಪ್ಪ ನನ್ನ ತಲೆ ಸವರಿದರು, ಆಮೇಲೆ ಮುಖ ಮುಚ್ಚಿಕೊಂಡು ಅತ್ತರು.

ಆ ಅಳುವೂ ಅವಳದೇ ಆಗಿತ್ತು.